ಡ್ರಮ್ಮರನಿಗೆಂದು ತಂದ ಮೈಸೂರು ಪೇಟ

ನನ್ನ ಹೆಂಡತಿಯ ತಮ್ಮನಿಗೆ ಮಕ್ಕಳೆಷ್ಟು ಎಂದು ಯಾರಾದರೂ ಥಟ್ಟನೆ ಕೇಳಿದರೆ ನಾನು ತಡವರಿಸುತ್ತೇನೆ. ಎರಡೋ ಮೂರೋ, ಆ ಮೂರನೆಯವನು ಅವರ ಮನೆಯಲ್ಲಿದ್ದುಕೊಂಡು ಓದಲು ಬಂದಿದ್ದ ನೆಂಟರ ಹುಡುಗನೋ ಎಂಬುದು ನನಗೆ ಇವತ್ತಿಗೂ ಸ್ಪಷ್ಟವಿಲ್ಲ. ಆದರೆ ‘ಡ್ರೈ ಕ್ರೀಕ್ ಸಿಕ್ಸ್’ ಎಂಬ ರಾಕ್ ತಂಡದ ಗಾಯಕ ಹಾಲಿಸ್ ಇದ್ದಾನಲ್ಲ, ಅವನ ಎರಡನೆಯ ಹೆಂಡತಿಯ ಮೊದಲನೆಯ ಗಂಡ ಏನು ಕೆಲಸ ಮಾಡುತ್ತಿದ್ದ ಎಂದು ಕೇಳಿ ನೋಡಿ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ: ಕುದುರೆಗಳಿಗೆ ಲಾಳ ಕಟ್ಟುತ್ತಿದ್ದ. ಆ ತಂಡದ ಹದಿನಾಲ್ಕು ಆಲ್ಬಮ್ಮುಗಳಲ್ಲಿ ಯಾವ ಹಾಡು ಎಷ್ಟನೆಯದು, ಯಾವ ಹಾಡಿನ ಹೊತ್ತಿಗೆ ಯಾರಿಗೆ ಯಾರ ಮೇಲೆ ಸಿಟ್ಟಿತ್ತು, ಯಾರ ಪಿತ್ತಕೋಶದಲ್ಲಿ ಕಲ್ಲಿತ್ತು, ಎಲ್ಲವೂ ನನಗೆ ಬಾಯಿಪಾಠ. ಇದೇನು ಹೆಮ್ಮೆ ಪಡುವ ವಿಷಯವಲ್ಲ ಎಂದು ನನ್ನ ಹೆಂಡತಿ ವಿಮಲಾ ಹೇಳುತ್ತಾಳೆ. ನಾನಂತೂ ಪಡುತ್ತೇನೆ. ಅರವತ್ತೊಂಬತ್ತು ವರ್ಷದ ಮನುಷ್ಯನಿಗೆ ಹೆಮ್ಮೆ ಪಡಲು ಏನಾದರೊಂದು ಬೇಕು. ಸಕ್ಕರೆ ಕಾಯಿಲೆಯ ರಿಪೋರ್ಟ್ ಇಟ್ಟುಕೊಂಡು ಹೆಮ್ಮೆ ಪಡಲಾಗುವುದಿಲ್ಲ.

ಮೈಸೂರಿನ ಅಗ್ರಹಾರದಲ್ಲಿ ತಂಬೂರಿಯ ಶ್ರುತಿ ಕೇಳುತ್ತ ಬೆಳೆದವನು ಈ ಗದ್ದಲಕ್ಕೆ ಹೇಗೆ ಬಿದ್ದೆ ಎಂದು ಬಂದವರೆಲ್ಲ ಕೇಳುತ್ತಾರೆ. ತಪ್ಪು ನನ್ನದಲ್ಲ, ಒಬ್ಬ ಸರ್ಜನ್ನನದು. ನಾನು ಅರಿವಳಿಕೆ ವೈದ್ಯ. ಅಂದರೆ ಆಪರೇಷನ್ನಿಗೆ ಮುಂಚೆ ರೋಗಿಗೆ ನಿದ್ದೆ ಬರಿಸಿ, ಆಮೇಲೆ ಎಬ್ಬಿಸುವುದು ನನ್ನ ಕಸುಬಾಗಿತ್ತು. ನಿವೃತ್ತನಾದ ಮೇಲೆ ಮೊದಲನೆಯ ಅರ್ಧವನ್ನು ಮಾತ್ರ ಮುಂದುವರಿಸಿದ್ದೇನೆ ಎಂದು ನನ್ನ ಮಗಳು ಹೇಳುತ್ತಾಳೆ. ಟೆಕ್ಸಸ್ಸಿನ ಡಾಲಸ್ಸಿಗೆ ಬಂದ ಹೊಸತರಲ್ಲಿ ನಾನು ಕೆಲಸ ಮಾಡುತ್ತಿದ್ದ ಸರ್ಜನ್ ಮಹಾಶಯ ಕತ್ತಿ ಕೈಗೆತ್ತಿಕೊಳ್ಳುವ ಮೊದಲು ಒಂದು ಕ್ಯಾಸೆಟ್ ಹಾಕುತ್ತಿದ್ದ. ಡ್ರೈ ಕ್ರೀಕ್ ಸಿಕ್ಸ್‌ನ ಮೂರನೆಯ ಆಲ್ಬಮ್, ‘ನೋ ರೇನ್ ಟಿಲ್ ಟ್ಯೂಸ್‌ಡೇ’. ಕಣ್ಣು ರೋಗಿಯ ಮೇಲೆ, ಕೈ ಯಂತ್ರದ ಮೇಲೆ, ಕಿವಿ ಮಾತ್ರ ಬಿಡುವಾಗಿತ್ತು. ಎರಡು ವರ್ಷ ಅದೇ ಕ್ಯಾಸೆಟ್ಟು. ಮೊದಲ ತಿಂಗಳು ತಲೆನೋವು, ಎರಡನೆಯ ತಿಂಗಳು ಅಭ್ಯಾಸ, ಮೂರನೆಯ ತಿಂಗಳು ನಾನು ಕಾಲಿನಲ್ಲಿ ತಾಳ ಹಾಕುತ್ತಿದ್ದೆ. ಸರ್ಜನ್ ಬೇರೆ ಊರಿಗೆ ಹೋದ, ನಾನು ಇಲ್ಲೇ ಉಳಿದೆ, ಹಾಡು ನನ್ನೊಳಗೆ ಉಳಿಯಿತು.

ತಂಡದ ಹೆಸರಿನಲ್ಲಿ ಸಿಕ್ಸ್ ಇದ್ದರೂ ಈಗ ಇರುವವರು ನಾಲ್ವರು. ಒಬ್ಬ ತೀರಿಕೊಂಡ, ಇನ್ನೊಬ್ಬ ಜಗಳವಾಡಿಕೊಂಡು ಹೋಗಿ ಜೇನು ಸಾಕುತ್ತಿದ್ದಾನೆ. ನಾನು ಓದುತ್ತಿದ್ದಾಗ ನಮ್ಮ ಬೀದಿಯಲ್ಲಿ ‘ಸಹೋದರರ ಹೋಟೆಲ್’ ಎಂದಿತ್ತು. ಅಣ್ಣತಮ್ಮಂದಿರು ಪಾಲಾಗಿ ಕೊನೆಗೆ ಉಳಿದವನು ಒಬ್ಬನೇ, ಆದರೂ ಬೋರ್ಡು ಬದಲಾಗಲಿಲ್ಲ, ಸಾಂಬಾರೂ ಬದಲಾಗಲಿಲ್ಲ. ಇದೂ ಹಾಗೆಯೇ. ಇವರಲ್ಲಿ ನನ್ನ ಜೀವ ಡ್ರಮ್ಮರ್ ವೆಂಡೆಲ್. ಎಲ್ಲರೂ ಹಾಡುವವನನ್ನು ನೋಡುತ್ತಾರೆ, ಗಿಟಾರಿನವನನ್ನು ನೋಡುತ್ತಾರೆ. ಡ್ರಮ್ಮರ್ ಹಿಂದೆ ಕೂತಿರುತ್ತಾನೆ. ಹದಿನಾಲ್ಕು ಆಲ್ಬಮ್ಮುಗಳ ಫೋಟೊಗಳಲ್ಲಿ ಅವನ ಮುಖ ಪೂರ್ತಿ ಕಂಡದ್ದೇ ಇಲ್ಲ: ದೊಡ್ಡದೊಂದು ತಾಳದ ತಟ್ಟೆ, ಅದರ ಮೇಲೆ ಕಪ್ಪು ಟೋಪಿ, ಕೆಳಗೆ ಬಿಳಿ ಗಡ್ಡ. ಆಪರೇಷನ್ ಥಿಯೇಟರಿನಲ್ಲಿ ಪರದೆಯ ಹಿಂದೆ ಕೂತು ಬದುಕು ಕಳೆದವನಿಗೆ ಅಂಥವನ ಮೇಲೆ ಪ್ರೀತಿ ಹುಟ್ಟಿದರೆ ಆಶ್ಚರ್ಯವಿಲ್ಲ.

ನಮ್ಮದೊಂದು ಬಳಗವಿದೆ. ಡ್ರೈ ಕ್ರೀಕ್ ಎಂಬುದನ್ನು ಕನ್ನಡಕ್ಕೆ ತಂದು ‘ಒಣಹಳ್ಳ ಅಭಿಮಾನಿ ಬಳಗ’ ಎಂದು ನಾನೇ ಹೆಸರಿಟ್ಟದ್ದು. ಇರುವವರು ಮೂವರು. ಡಾಲಸ್ಸಿನ ಪಕ್ಕದ ಮರ್ಫಿಯಲ್ಲಿ ನಾನು, ಹ್ಯೂಸ್ಟನ್ನಿನಲ್ಲಿ ಹುಬ್ಬಳ್ಳಿಯ ಬಸವರಾಜ, ಅಡಿಗೆಮನೆಗೆ ಗ್ರಾನೈಟ್ ಕಲ್ಲು ಕೊಯ್ದು ಕೂರಿಸುವ ಉದ್ಯಮ ಅವರದು, ಆಸ್ಟಿನ್ ಹತ್ತಿರದ ಟೇಲರ್ ಎಂಬ ಊರಿನಲ್ಲಿ ಸುನಂದಾ, ಅಲ್ಲಿಯ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರ್, ವಯಸ್ಸಿನಲ್ಲಿ ನಮಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಆದ್ದರಿಂದ ನಮ್ಮಿಬ್ಬರಿಗಿಂತ ಬುದ್ಧಿವಂತೆ. ನಾನು ಅಧ್ಯಕ್ಷ, ಬಸವರಾಜ ಉಪಾಧ್ಯಕ್ಷ, ಸುನಂದಾ ಕಾರ್ಯದರ್ಶಿ. ಸದಸ್ಯರು ಯಾರೂ ಇಲ್ಲ. ಎರಡು ವಾರಕ್ಕೊಮ್ಮೆ ಶನಿವಾರ ಬೆಳಿಗ್ಗೆ ಕಾಫಿ ಹಿಡಿದು ವಿಡಿಯೊ ಕಾಲ್‌ನಲ್ಲಿ ಕೂರುತ್ತೇವೆ. ಐದನೆಯ ಆಲ್ಬಮ್ಮಿನ ಎರಡನೆಯ ಬದಿ ಸೋತದ್ದೇಕೆ, ಹಾಲಿಸ್ ಮೂರನೆಯ ಮದುವೆ ಆಗಬೇಕಿತ್ತೇ, ಜೇನು ಸಾಕುವವನು ವಾಪಸ್ ಬಂದರೆ ಸೇರಿಸಿಕೊಳ್ಳಬಹುದೇ, ಹೀಗೆ. ವಿಮಲಾ ಒಮ್ಮೆ ಅರ್ಧ ಗಂಟೆ ಕೇಳಿಸಿಕೊಂಡು, “ರೀ, ಆ ಹಾಲಿಸ್ ನಿಮಗೆ ಯಾವ ಕಡೆಯಿಂದ ಸಂಬಂಧ?” ಎಂದು ಕೇಳಿದ್ದಳು.

ಬಳಗಕ್ಕೆ ಇರುವುದು ಒಂದೇ ನಿಯಮ. ತಂಡದ ಬಗ್ಗೆ ತಪ್ಪು ಮಾಹಿತಿ ಕೊಟ್ಟ ಅಧ್ಯಕ್ಷ ಆ ಕ್ಷಣವೇ ಕುರ್ಚಿ ಬಿಡಬೇಕು. ಮೊದಲು ಬಸವರಾಜರೇ ಅಧ್ಯಕ್ಷರಾಗಿದ್ದರು. ವೆಂಡೆಲ್‌ಗೆ ಮೊಣಕಾಲಿನ ಆಪರೇಷನ್ ಆದಾಗ ಅವರು ಎಡಗಾಲು ಎಂದರು. ಆದದ್ದು ಬಲಗಾಲಿಗೆ. ನಾನು ವೈದ್ಯ, ಅಭಿಮಾನಿ, ಎರಡೂ ಆಗಿದ್ದರಿಂದ ಅಂಥ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ. ಬಸವರಾಜ ಕುರ್ಚಿ ಬಿಟ್ಟರು. ಅವತ್ತಿನಿಂದ ನಾಲ್ಕು ವರ್ಷ ನಾನೇ ಅಧ್ಯಕ್ಷ. ಆಸ್ಪತ್ರೆಯಲ್ಲಿ ವಿಭಾಗದ ಮುಖ್ಯಸ್ಥನಾಗಿದ್ದಾಗಲೂ ನನಗೆ ಅಷ್ಟು ಗೌರವ ಸಿಕ್ಕಿರಲಿಲ್ಲ ಎಂದು ನಿಜ ಹೇಳಿಬಿಡುತ್ತೇನೆ. ಆ ಕುರ್ಚಿ ನನಗೆ ಎಷ್ಟು ಮುಖ್ಯವಾಗಿತ್ತು ಎಂಬುದು ಗೊತ್ತಿದ್ದರೆ ಮಾತ್ರ ಮುಂದೆ ನಾನು ಮಾಡಿದ್ದು ನಿಮಗೆ ಅರ್ಥವಾದೀತು.

ಕಳೆದ ವರ್ಷ ಸುನಂದಾ ಒಂದು ಸುದ್ದಿ ತಂದಳು. ತಂಡ ಆಸ್ಟಿನ್ನಿನ ಹೊರಗೊಂದು ಬಯಲಿನಲ್ಲಿ ಹಾಡಲಿದೆ. ಅವಳ ಸಹೋದ್ಯೋಗಿಯ ಅಣ್ಣ ಅಲ್ಲಿ ಧ್ವನಿವ್ಯವಸ್ಥೆ ನೋಡಿಕೊಳ್ಳುವವನು. ಕಾರ್ಯಕ್ರಮಕ್ಕೆ ಮುಂಚೆ, ಮಧ್ಯಾಹ್ನ ನಾಲ್ಕಕ್ಕೆ, ವೇದಿಕೆಯ ಹಿಂದಿನ ಡೇರೆಯಲ್ಲಿ ನಮಗೆ ಹತ್ತು ನಿಮಿಷ ಕೊಡಿಸುತ್ತಾನೆ. ಬೇರೆ ಯಾವ ನಾಡಿನ ಅಭಿಮಾನಿಗಳಾದರೂ ಹತ್ತು ನಿಮಿಷದಲ್ಲಿ ಏನು ಮಾಡುತ್ತಿದ್ದರು? ಫೋಟೊ ತೆಗೆಸಿಕೊಂಡು ಸಹಿ ಹಾಕಿಸಿಕೊಳ್ಳುತ್ತಿದ್ದರು. ನಾವು ಕನ್ನಡಿಗರು. ಮೂವರ ಬಾಯಲ್ಲೂ ಒಂದೇ ಸಲ ಬಂದ ಮಾತು: ಸನ್ಮಾನ. ಶಾಲು, ಗಂಧದ ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಚೌಕಟ್ಟು ಹಾಕಿಸಿದ ಸನ್ಮಾನ ಪತ್ರ. ಇದರಲ್ಲಿ ಒಂದು ಕಡಿಮೆಯಾದರೂ ಅದು ಸನ್ಮಾನವಲ್ಲ, ಬರೀ ಭೇಟಿ. ತೊಂದರೆಯೆಂದರೆ ಇದ್ದದ್ದು ಒಂದೇ ಪೇಟ. ಬಸವರಾಜ ಹಾಲಿಸ್‌ಗೇ ಆಗಬೇಕೆಂದರು, ಸುನಂದಾ ಮುಖ್ಯ ಗಿಟಾರಿನವನಿಗೆ ಎಂದಳು, ನಾನು ವೆಂಡೆಲ್ ಹೆಸರು ಬಾಯಿಬಿಟ್ಟರೆ ಜಗಳ ಹೆಚ್ಚೀತೆಂದು ಸುಮ್ಮನಿದ್ದೆ. ಮೂರು ಶನಿವಾರ ಇದೇ ಆಯಿತು. ಕೊನೆಗೆ ಅಧ್ಯಕ್ಷರೇ ತೀರ್ಮಾನಿಸಲಿ, ಆದರೆ ಆ ಗಳಿಗೆಯವರೆಗೂ ಯಾರಿಗೂ ಹೇಳಕೂಡದು, ಹೇಳಿದರೆ ಮತ್ತೆ ಜಗಳ ಎಂದು ಒಪ್ಪಂದವಾಯಿತು. ಪತ್ರವನ್ನು ನಾನೇ ಬರೆದೆ. ಮೈಸೂರಿನಿಂದ ಬರುತ್ತಿದ್ದ ನೆಂಟರ ಕೈಯಲ್ಲಿ ಬಂಗಾರದ ಅಕ್ಷರದಲ್ಲಿ ಅಚ್ಚು ಹಾಕಿಸಿ ತರಿಸಿದೆ. ಮೇಲುಗಡೆ ‘ಶ್ರೀ ವೆಂಡೆಲ್ ಅವರಿಗೆ ಅರ್ಪಿಸಿದ ಸನ್ಮಾನ ಪತ್ರ’. ಕೆಳಗೆ ನಾಲ್ಕು ಪ್ಯಾರಾ, ಒಂದೊಂದಕ್ಕೂ ಒಂದೊಂದು ಸಂಬೋಧನೆ. ಬರೆದು ಓದಿಕೊಂಡಾಗ ನನಗೇ ಕಣ್ಣು ತುಂಬಿತ್ತು.

ಆ ದಿನ ನಾನೂ ವಿಮಲಾಳೂ ಬೆಳಿಗ್ಗೆಯೇ ಕಾರು ಹತ್ತಿ ಮೂವತ್ತೈದನೆಯ ಹೆದ್ದಾರಿ ಹಿಡಿದೆವು. ಪೇಟ ನಜ್ಜಾಗಬಾರದೆಂದು ಹಿಂದಿನ ಸೀಟಿನಲ್ಲಿ ಬೆಲ್ಟ್ ಕಟ್ಟಿ ಕೂರಿಸಿದ್ದೆ. ಬಸವರಾಜ ಹ್ಯೂಸ್ಟನ್ನಿನಿಂದ ಐಸ್ ಪೆಟ್ಟಿಗೆಯಲ್ಲಿ ಮಲ್ಲಿಗೆ ಹೂ, ವೀಳ್ಯದೆಲೆ ತಂದಿದ್ದರು; ಗಂಧದ ಹಾರವೊಂದೇ ಸಾಲದು, ಹಸಿ ಹೂವಿನ ವಾಸನೆ ಇರಬೇಕ್ರಿ ಎಂಬುದು ಅವರ ವಾದ. ಡೇರೆಯೊಳಗೆ ಬಿಸಿಲಿಗೆ ಬೆಂದ ಗಾಳಿ, ಎರಡು ದೊಡ್ಡ ಫ್ಯಾನು, ಮಡಿಸುವ ಕುರ್ಚಿಗಳು. ತಂಡದವರು ವೇದಿಕೆಯ ಮೇಲೆ ವಾದ್ಯಗಳನ್ನು ಸರಿನೋಡುತ್ತಿದ್ದಾರೆ, ಈಗ ಬರುತ್ತಾರೆ ಎಂದರು. ಆದರೆ ಮೂಲೆಯ ಕುರ್ಚಿಯಲ್ಲಿ ಒಬ್ಬರು ಆಗಲೇ ಕೂತಿದ್ದರು. ಕಪ್ಪು ಟೋಪಿ. ಬಿಳಿ ಗಡ್ಡ. ಎರಡು ಬೆರಳಿನಿಂದ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಬಲಗಾಲನ್ನು ಮಡಿಸಲಾರದೆ ಮುಂದಕ್ಕೆ ನೀಡಿಕೊಂಡಿದ್ದರು. ವೈದ್ಯನ ಕಣ್ಣಿಗೆ ಬೇರೆ ಸಾಕ್ಷಿ ಬೇಕೆ? ಬಲ ಮೊಣಕಾಲು! ಯಾವ ಮೊಣಕಾಲು ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿತ್ತೋ ಅದೇ ಮೊಣಕಾಲು ನನ್ನ ಮುಂದಿತ್ತು. ಬಸವರಾಜ ನನ್ನ ಕಿವಿಯ ಹತ್ತಿರ ಬಂದು, “ಡಾಕ್ಟ್ರ, ಇವ್ರು ಯಾರ್ರಿ?” ಎಂದರು. “ನೋಡ್ತಾ ಇರಿ” ಎಂದು ಹೇಳಿ ನಾನು ನೆಟ್ಟಗೆ ಹೋಗಿ ಶಾಲು ಹೊದಿಸಿದೆ.

ಆ ಮನುಷ್ಯ ಗಾಬರಿಯಿಂದ ಏಳಲು ಹೋದರು, ನಾನು ಭುಜ ಹಿಡಿದು ಕೂರಿಸಿದೆ. ಹಾರ ಹಾಕಿದೆ. ಕಪ್ಪು ಟೋಪಿ ತೆಗೆದು ಅವರ ಕೈಗೆ ಕೊಟ್ಟು ಪೇಟ ಇಟ್ಟೆ. ಅಳತೆ ಮಾಡಿಸಿದ ಹಾಗೆ ಕೂತಿತು. ವಿಮಲಾ ಕುಂಕುಮದ ತಟ್ಟೆ ಹಿಡಿದು ನನ್ನ ಕಡೆ ಒಂದು ಥರ ನೋಡುತ್ತಿದ್ದಳು. ಅದು ಮೆಚ್ಚುಗೆ ಎಂದುಕೊಂಡೆ. ಹಣ್ಣಿನ ಬುಟ್ಟಿಯನ್ನು ಅವರ ಮಡಿಲಿಗಿಟ್ಟು, ಚೌಕಟ್ಟಿನ ಹೊದಿಕೆ ಬಿಚ್ಚುವಷ್ಟರಲ್ಲಿ ಡೇರೆಯ ಬಾಗಿಲು ಸರಿಸಿಕೊಂಡು ನಾಲ್ವರು ಒಳಗೆ ಬಂದರು. ಮುಂದೆ ಹಾಲಿಸ್. ಹಿಂದೆ ಗಿಟಾರಿನವರಿಬ್ಬರು. ಕೊನೆಯಲ್ಲಿ ಕುಂಟಿಕೊಂಡು ಬಂದ ನುಣ್ಣಗೆ ಗಡ್ಡ ಬೋಳಿಸಿದ ಒಬ್ಬ ಸಣಕಲು ಮುದುಕ, ಕೈಯಲ್ಲಿ ಎರಡು ಡ್ರಮ್ ಕೋಲು. ಪೇಟ ತೊಟ್ಟು ಕೂತವರನ್ನು ನೋಡಿ ಹಾಲಿಸ್, “ಕ್ಲೈಡ್, ವಾಟ್ ಹ್ಯಾವ್ ಯು ಡನ್ ನೌ?” ಎಂದು ನಕ್ಕ.

ಕ್ಲೈಡ್ ಯಾರೆಂದು ನನಗೆ ಗೊತ್ತಿಲ್ಲದೆ ಇರುತ್ತದೆಯೇ? ಮೊದಲನೆಯ ಆಲ್ಬಮ್ಮಿನಿಂದ ಹದಿನಾಲ್ಕನೆಯದರವರೆಗೆ ಪ್ರತಿಯೊಂದರ ಹಿಂಬದಿಯಲ್ಲೂ, ವಂದನೆಗಳ ಪಟ್ಟಿಯ ತೀರ ಕೊನೆಯ ಸಾಲಿನಲ್ಲಿ ಅವರ ಹೆಸರಿದೆ. ತಂಡದ ಬಸ್ ಡ್ರೈವರ್. ನಲವತ್ತು ವರ್ಷದಿಂದ ಆ ಬಲಗಾಲನ್ನು ಪೆಡಲಿನ ಮೇಲೆ ಚಾಚಿಟ್ಟು ಇವರನ್ನು ಊರಿಂದೂರಿಗೆ ಒಯ್ದವರು. ಹೆಸರು ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಡ್ರಮ್ಮರನ ಮುಖವೇ ಗೊತ್ತಿಲ್ಲದವನಿಗೆ ಡ್ರೈವರನ ಮುಖ ಎಲ್ಲಿಂದ ಗೊತ್ತಾಗಬೇಕು? ನೋಡಿ, ನನ್ನ ಕಸುಬಿನಲ್ಲಿ ಒಂದು ಪಾಠ ಕಲಿಸುತ್ತಾರೆ: ರೋಗಿಯ ಬಿ.ಪಿ. ಇಳಿದರೂ ವೈದ್ಯನ ಮುಖ ಇಳಿಯಬಾರದು. ಮೂವತ್ತೈದು ವರ್ಷದ ಆ ಸಾಧನೆ ಅವತ್ತು ಕೈಹಿಡಿಯಿತು. ಮೇಲಿನ ಹೆಸರನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದು, ನೇರವಾಗಿ ಮೊದಲನೆಯ ಪ್ಯಾರಾದಿಂದ ಗಟ್ಟಿಯಾಗಿ ಓದತೊಡಗಿದೆ. ಮೊದಲು ಇದ್ದ ಹಾಗೆ ಕನ್ನಡದಲ್ಲಿ, ಆಮೇಲೆ ಬಾಯಲ್ಲೇ ಇಂಗ್ಲಿಷಿಗೆ ತಿರುಗಿಸಿ.

ಓದುತ್ತ ಓದುತ್ತ ನನಗೇ ರೋಮಾಂಚನವಾಯಿತು. ನಲವತ್ತು ವರ್ಷ ಒಂದೇ ಆಸನದಲ್ಲಿ ಕೂತು ಎರಡು ಕೈ, ಎರಡು ಕಾಲುಗಳಿಂದ ಇಡೀ ತಂಡವನ್ನು ಮುನ್ನಡೆಸಿದವರೇ. ಉಳಿದವರು ಮೈಮರೆತಾಗಲೂ ತಾವು ಎಚ್ಚರವಾಗಿದ್ದವರೇ. ತಮ್ಮ ಮುಖ ಕಾಣಲಿ ಎಂದು ಎಂದೂ ಬಯಸದವರೇ. ಡ್ರಮ್ಮರನಿಗೆ ಎಂದು ಬರೆದ ಒಂದೊಂದು ಮಾತೂ ಈ ಮನುಷ್ಯನಿಗೆ ಹೊಲಿಸಿದ ಅಂಗಿಯಂತೆ ಹೊಂದಿತು. ಮೂರನೆಯ ಪ್ಯಾರಾದಲ್ಲಿ ‘ತಾಳಪ್ರವೀಣರೇ’ ಎಂದಿದ್ದನ್ನು ಮಾತ್ರ ನಾಲಿಗೆಯ ತುದಿಯಲ್ಲೇ ತಿದ್ದಿ ‘ಸಾರಥಿಗಳೇ’ ಎಂದೆ. ಮುಗಿಸಿದವನೇ ಚೌಕಟ್ಟಿಗೆ ಮತ್ತೆ ಹೊದಿಕೆ ಸುತ್ತಿ ಕ್ಲೈಡ್ ಕೈಗಿಟ್ಟೆ. ಆಮೇಲೆ ಹಾಲಿಸ್ ಚಪ್ಪಾಳೆ ತಟ್ಟಿದ, ಉಳಿದವರು ತಟ್ಟಿದರು, ಎಲ್ಲರಿಗಿಂತ ಜೋರಾಗಿ ತಟ್ಟಿದವನು ವೆಂಡೆಲ್. ತನ್ನ ಪೇಟ, ತನ್ನ ಶಾಲು, ತನ್ನ ಪತ್ರ ಇನ್ನೊಬ್ಬರ ಪಾಲಾಗಿದೆ ಎಂದು ಗೊತ್ತಿಲ್ಲದ ಆ ಪುಣ್ಯಾತ್ಮ ಕಣ್ಣೊರೆಸಿಕೊಳ್ಳುತ್ತಿದ್ದ. ಕ್ಲೈಡ್ ತಲೆಯ ಮೇಲಿನ ಪೇಟವನ್ನು ಮುಟ್ಟಿ ಮುಟ್ಟಿ ನೋಡಿಕೊಂಡರು. ಕೊನೆಗೆ, ಇಡೀ ದಿನ ಕೂತಲ್ಲೇ ಕೂತು ಏನು ಮಾಡುತ್ತೀಯ ಎಂದು ತನ್ನ ಹೆಂಡತಿ ಕೇಳುತ್ತಿದ್ದಳು, ಅವಳು ಈಗ ಇಲ್ಲ, ಇದ್ದಿದ್ದರೆ ಈ ಟೋಪಿ ತೋರಿಸುತ್ತಿದ್ದೆ ಎಂದರು. ಇದನ್ನು ಮೂವತ್ತು ವರ್ಷದ ಹಿಂದೆ ನಾವು ಮಾಡಬೇಕಿತ್ತು ಎಂದು ಹಾಲಿಸ್ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. ನನಗೆ ನಾಚಿಕೆಯಾಯಿತು, ಹೆಮ್ಮೆಯೂ ಆಯಿತು. ಅವೆರಡೂ ಒಟ್ಟಿಗೆ ಆಗಬಹುದೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ವೆಂಡೆಲ್‌ಗೆ ಕೊಡಲು ಉಳಿದದ್ದು ವಿಮಲಾಳ ಕೈಚೀಲದಲ್ಲಿದ್ದ ಚಕ್ಕುಲಿ ಪೊಟ್ಟಣ ಒಂದೇ. ಕೊಟ್ಟೆ. ತಿಂದ.

ಹೊರಗೆ ಬಂದ ಮೇಲೆ ಹೇಳಿಬಿಡಬೇಕಿತ್ತು. ಹೇಳಲು ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಬಸವರಾಜ ನನ್ನ ಎರಡೂ ಕೈ ಹಿಡಿದುಕೊಂಡರು.

“ಡಾಕ್ಟ್ರ, ನಾ ಸೋತ್ನಿರಿ. ನಾವು ಹಾಡಾವ್ರನ್ನ ಅಷ್ಟ ನೋಡಿದ್ವಿ. ನೀವು ಅವ್ರನ್ನ ಹೊತ್ಗೊಂಡು ಬಂದಾವ್ರನ್ನ ನೋಡಿದ್ರಿ. ಅಧ್ಯಕ್ಷ ಅಂದ್ರ ನೀವ ನೋಡ್ರಿ.”

ಸುನಂದಾ, “ಅಂಕಲ್, ನನಗೆ ಹೊಳೆದೇ ಇರಲಿಲ್ಲ” ಎಂದಳು. ನನಗೂ ಹೊಳೆದಿರಲಿಲ್ಲ ಎಂದು ಹೇಳುವ ಧೈರ್ಯ ನಿಮಗಿದ್ದರೆ ನೀವು ನನಗಿಂತ ದೊಡ್ಡವರು. ತಪ್ಪು ಒಪ್ಪಿಕೊಂಡರೆ ಕುರ್ಚಿ ಹೋಗುತ್ತದೆ, ಸುಮ್ಮನಿದ್ದರೆ ಮರ್ಯಾದೆ ಎರಡರಷ್ಟಾಗುತ್ತದೆ. ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದು ಒಂದು ವಾರ, ಅಷ್ಟೇ. ಆಮೇಲೆ ಮಾತಾಡತೊಡಗಿದೆ. ಡಾಲಸ್ಸಿನ ಯಾರ ಮನೆಯ ಸತ್ಯನಾರಾಯಣ ಪೂಜೆಗೆ ಹೋದರೂ ಪ್ರಸಾದದ ತಟ್ಟೆ ಕೈಗೆ ಬರುವ ಮೊದಲು ಕ್ಲೈಡ್ ಬಗ್ಗೆ ಹೇಳುತ್ತಿದ್ದೆ. ಎಲ್ಲರೂ ಬೆಳಕಿನ ಕಡೆ ನೋಡುವಾಗ ಒಬ್ಬನಾದರೂ ದೀಪ ಹಿಡಿದವನನ್ನು ನೋಡಬೇಕು ಎಂಬ ಒಂದು ವಾಕ್ಯ ಎಲ್ಲಿಂದಲೋ ಬಂದು ನನ್ನ ಬಾಯಲ್ಲಿ ಕೂತುಬಿಟ್ಟಿತು. ರಾಜ್ಯೋತ್ಸವದ ದಿನ ವೇದಿಕೆಗೆ ಕರೆದು ಐದು ನಿಮಿಷ ಮಾತಾಡಿ ಎಂದರು. ನಲವತ್ತು ನಿಮಿಷ ಮಾತಾಡಿದೆ. ಹಿಂದಿನ ಸಾಲಿನಲ್ಲಿ ಕೆಲವರು ನಿದ್ದೆ ಹೋದರಂತೆ. ಅದು ಹಳೆಯ ಕಸುಬಿನ ಪ್ರಭಾವ.

ಎರಡು ತಿಂಗಳ ಹಿಂದೆ ಕ್ಲೈಡ್‌ರಿಂದ ಒಂದು ಲಕೋಟೆ ಬಂತು. ಚೌಕಟ್ಟಿನ ಹಿಂಬದಿಯಲ್ಲಿ ನನ್ನ ವಿಳಾಸ ಅಂಟಿಸಿದ್ದೆ, ಅದಕ್ಕೆ ಕಳಿಸಿದ್ದರು. ಒಳಗೆ ಎರಡು ಗೇಣಗಲದ ಬಣ್ಣದ ಫೋಟೊ. ಬಸ್ಸಿನ ಸ್ಟಿಯರಿಂಗ್ ಮುಂದೆ ಮೈಸೂರು ಪೇಟ ಧರಿಸಿ ದಿವಾನರಂತೆ ಕೂತ ಕ್ಲೈಡ್. ತಲೆಯ ಮೇಲ್ಗಡೆ ಮೊಳೆ ಹೊಡೆದು ತೂಗುಹಾಕಿದ ನಮ್ಮ ಸನ್ಮಾನ ಪತ್ರ. ಬಂಗಾರದ ಅಕ್ಷರ ಬಿಸಿಲಿಗೆ ಹೊಳೆಯುತ್ತಿದೆ: ಶ್ರೀ ವೆಂಡೆಲ್ ಅವರಿಗೆ. ಆ ಬಸ್ಸು ಟೆಕ್ಸಸ್ ತುಂಬ ಓಡಾಡುತ್ತಿದೆ, ಕನ್ನಡ ಬಲ್ಲವನು ಒಬ್ಬ ಹತ್ತಿ ತಲೆಯೆತ್ತಿದರೆ ನನ್ನ ಕಥೆ ಮುಗಿಯಿತು. ಹಾಗೆಂದು ಫೋಟೊವನ್ನು ಬೀರುವಿನಲ್ಲಿ ಬಚ್ಚಿಡಲು ಮನಸ್ಸು ಬರಬೇಕಲ್ಲ? ಹಾಲ್‌ನ ಶೆಲ್ಫಿನ ಮೇಲೆ, ಬಂದವರ ಕಣ್ಣಿಗೆ ಮೊದಲು ಬೀಳುವ ಕಡೆ ಇಟ್ಟೆ. ಹೆಸರಿನ ಎದುರಿಗೆ ಸರಿಯಾಗಿ ಉದ್ದನೆಯ ಚನ್ನಪಟ್ಟಣದ ಗೊಂಬೆಯೊಂದನ್ನು ನಿಲ್ಲಿಸಿದೆ.

ಇಲ್ಲಿ ಇನ್ನೊಂದು ನೋವು ಹೇಳಿಕೊಳ್ಳಬೇಕು. ನಮ್ಮ ಮಗಳು ಅನಘಾಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಊರಿನ ಮಕ್ಕಳಿಗೆಲ್ಲ ಕನ್ನಡ ಕಲಿಸಿರಿ ಎಂದು ಇಪ್ಪತ್ತು ವರ್ಷ ಭಾಷಣ ಮಾಡಿದವನ ಮನೆಯಲ್ಲೇ ಕತ್ತಲು. ಬಸವರಾಜರದೂ ಅದೇ ಪಾಡು, ಅವರ ಮೊಮ್ಮಗ ಎರಡು ವರ್ಷದಿಂದ ಅ, ಆ ದಾಟಿಲ್ಲ. ಆದ್ದರಿಂದ ಅನಘಾಳ ಮಗಳು, ಏಳು ವರ್ಷದ ತಾರಾ, ತಮ್ಮೂರು ಲಿಟಲ್ ಎಲ್ಮ್‌ನಲ್ಲಿ ಭಾನುವಾರದ ಕನ್ನಡ ತರಗತಿಗೆ ಸೇರಿದಾಗ ನಾನು ಒಳಗೊಳಗೇ ಹರಕೆ ಹೊತ್ತಿದ್ದೆ. ಅವಳು ಅಕ್ಷರ ಬರೆಯುತ್ತಿದ್ದಳು, ಹಾಡು ಹೇಳುತ್ತಿದ್ದಳು. ಕೂಡಿಸಿ ಓದು ಎಂದರೆ ಮಾತ್ರ, “ಲೇಟರ್, ತಾತ” ಎನ್ನುತ್ತಿದ್ದಳು.

ಮೊನ್ನೆ ಭಾನುವಾರ ತರಗತಿ ಮುಗಿಸಿಕೊಂಡು ಮಗಳ ಮನೆಯವರೆಲ್ಲ ನಮ್ಮಲ್ಲಿಗೆ ಊಟಕ್ಕೆ ಬಂದರು. ಬಿಸಿಬೇಳೆ ಬಾತ್ ಆದಮೇಲೆ ನಾನು ಸೋಫಾದಲ್ಲಿ ಒರಗಿದ್ದೆ. ತಾರಾ ಆಡಲು ಗೊಂಬೆಯನ್ನು ಎತ್ತಿಕೊಂಡಳು. ಆಮೇಲೆ ಶೆಲ್ಫಿನ ಮುಂದೆ ಹಾಗೇ ನಿಂತಳು. ಬೆರಳಿಟ್ಟು, ತಲೆ ಓರೆ ಮಾಡಿ, “ಶ್ರೀ” ಎಂದಳು. ಸ್ವಲ್ಪ ತಡೆದು, “ವೆಂ... ಡೆ... ಲ್. ಶ್ರೀ ವೆಂಡೆಲ್ ಅ-ವ-ರಿ-ಗೆ.”

“ಅಪ್ಪ, ಹೂ ಈಸ್ ವೆಂಡೆಲ್?” ಎಂದು ಅನಘಾ ಅಡಿಗೆಮನೆಯಿಂದ ಕೇಳಿದಳು. ನನಗೆ ಆ ಪ್ರಶ್ನೆ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ತಲೆಯ ತುಂಬ ಇದ್ದದ್ದು ಒಂದೇ: ಮಗು ಓದಿತು. ಯಾರೂ ಹೇಳಿಕೊಡದೆ, ಸೊನ್ನೆ, ಎತ್ವ, ಅರ್ಧಾಕ್ಷರ ಒಂದೂ ಬಿಡದೆ, ನನ್ನ ಮೊಮ್ಮಗಳು ಕನ್ನಡ ಓದಿಬಿಟ್ಟಳು. ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿದೆ. ನನ್ನ ಸೊಂಟ ಅದಕ್ಕೆ ಒಪ್ಪುವ ಸ್ಥಿತಿಯಲ್ಲಿರಲಿಲ್ಲ, ನಾನು ಅದನ್ನು ಕೇಳಲೂ ಇಲ್ಲ. ಇಂಥ ಸುದ್ದಿಯನ್ನು ಮೊದಲು ಯಾರಿಗೆ ಹೇಳಬೇಕು? ಮೊಮ್ಮಗ ಅ, ಆ ದಾಟದವರಿಗೆ. ತಕ್ಷಣ ಹ್ಯೂಸ್ಟನ್ನಿಗೆ ಫೋನ್ ಮಾಡಿ, ಮನೆಯವರೆಲ್ಲ ಕೇಳಲಿ ಎಂದು ಸ್ಪೀಕರ್ ಹಾಕಿದೆ.

“ಬಸವರಾಜ್, ನಮ್ಮ ತಾರಾ ಕನ್ನಡ ಓದಿಬಿಟ್ಟಳು. ತಾನೇ ತಾನಾಗಿ.”

“ಭಾಳ ಛಲೋ ಆತ್ರಿ. ಏನ್ ಓದಿದ್ಲು?”

“ಸನ್ಮಾನ ಪತ್ರ ರೀ. ‘ಶ್ರೀ ವೆಂಡೆಲ್ ಅವರಿಗೆ’ ಅಂತ, ಒಂದಕ್ಷರ ತಪ್ಪಿಲ್ಲ.”

ಲೈನ್ ಕಟ್ಟಾಯಿತೇನೋ ಎಂದು ನಾನು ಎರಡು ಸಲ ಹಲೋ ಎಂದೆ.

“ಡಾಕ್ಟ್ರ,” ಎಂದರು ಬಸವರಾಜ ಬಹಳ ನಿಧಾನವಾಗಿ, “ಅದು ಯಾವ ಸನ್ಮಾನ ಪತ್ರರಿ?”

ಆಗ ತಲೆಗೆ ಹೋಯಿತು. ಬಿ.ಪಿ. ಇಳಿಯಿತು, ಮುಖವೂ ಇಳಿಯಿತು. ಮೂವತ್ತೈದು ವರ್ಷದ ಸಾಧನೆ ಈ ಸಲ ಕೈಕೊಟ್ಟಿತು. ಇನ್ನು ಮುಚ್ಚಿಡುವುದೇನಿದೆ? ಬಲ ಮೊಣಕಾಲಿನಿಂದ ಹಿಡಿದು ಚನ್ನಪಟ್ಟಣದ ಗೊಂಬೆಯವರೆಗೆ ಎಲ್ಲವನ್ನೂ ಹೇಳಿದೆ. ಬಸವರಾಜ ಎಷ್ಟು ನಕ್ಕರೆಂದರೆ ಅವರ ಹೆಂಡತಿ ನೀರು ತಂದುಕೊಟ್ಟದ್ದು ನಮಗೆ ಇಲ್ಲಿಗೆ ಕೇಳಿಸಿತು. ಫೋನ್ ಇಟ್ಟಮೇಲೆ ಪಕ್ಕದಲ್ಲಿ ನೋಡಿದರೆ ವಿಮಲಾ ಮುಖದಲ್ಲಿ ಆಶ್ಚರ್ಯದ ಸುಳಿವೇ ಇಲ್ಲ. “ನಂಗೆ ಅವತ್ತೇ ಗೊತ್ತಿತ್ತು ರೀ,” ಎಂದಳು. “ಆ ಮನುಷ್ಯನ ಸೊಂಟದಲ್ಲಿ ಬಸ್ಸಿನ ಬೀಗದ ಕೈ ನೇತಾಡ್ತಾ ಇತ್ತು. ಹೇಳೋಣ ಅಂದ್ಕೊಂಡೆ. ನಿಮ್ಮ ಮುಖ ನೋಡಿ ಸುಮ್ಮನಾದೆ.” ಹದಿನಾಲ್ಕು ಆಲ್ಬಮ್ಮಿನ ಪಂಡಿತ ಮೊಣಕಾಲು ನೋಡುತ್ತಿದ್ದಾಗ, ಒಂದು ಹಾಡನ್ನೂ ಪೂರ್ತಿ ಕೇಳದ ಇವಳು ಬೀಗದ ಕೈ ನೋಡಿದ್ದಳು.

ಶನಿವಾರದ ಸಭೆಯಲ್ಲಿ ನಾನು ಕುರ್ಚಿ ಬಿಟ್ಟೆ. ಬಸವರಾಜ ಮತ್ತೆ ಅಧ್ಯಕ್ಷರು. ಕ್ಲೈಡ್‌ರಿಗೆ ನಾನೇ ಕಾಗದ ಬರೆದು ತಪ್ಪೊಪ್ಪಿಕೊಂಡೆ. ಮೂರು ಸಾಲಿನ ಉತ್ತರ ಬಂತು. ಟೋಪಿಯನ್ನಂತೂ ವಾಪಸ್ ಕೊಡುವುದಿಲ್ಲವಂತೆ. ಪತ್ರವನ್ನು ವೆಂಡೆಲ್‌ಗೆ ಕೊಟ್ಟಿದ್ದಾರಂತೆ. ತನ್ನ ಹೆಸರಿನದು ಬರುವವರೆಗೆ ಮೊಳೆ ಖಾಲಿ ಇಟ್ಟಿರುತ್ತಾರಂತೆ. ಬಸವರಾಜರ ಮೊದಲ ಆಜ್ಞೆಯೂ ಅದೇ ಆಯಿತು. ತಂಡ ಮುಂದಿನ ತಿಂಗಳು ಹ್ಯೂಸ್ಟನ್ನಿಗೆ ಬರುತ್ತಿದೆ. ಕ್ಲೈಡ್‌ರಿಗೆ ಹೊಸ ಪತ್ರ, ವೆಂಡೆಲ್‌ಗೆ ಹೊಸ ಪೇಟ. ಪತ್ರ ಬರೆಯುವವನು ನಾನೇ, ಆದರೆ ಓದುವವಳು ತಾರಾ. “ಹುಡುಗಿ ಇದ್ದದ್ದನ್ನ ಇದ್ದಂಗ ಓದ್ತಾಳ್ರಿ. ಹೆಸರಿನಿಂದನ ಶುರು ಮಾಡ್ಲಿ” ಎಂದು ಅಧ್ಯಕ್ಷರು ಹೇಳಿದ್ದಾರೆ.

ಈಗ ದಿನವೂ ಸಂಜೆ ವಿಡಿಯೊ ಕಾಲ್‌ನಲ್ಲಿ ತಾಲೀಮು ನಡೆದಿದೆ. ನಿನ್ನೆ ಅವಳು ಹೊಸ ಪತ್ರದ ಮೊದಲನೆಯ ಸಾಲನ್ನು ಹಿಡಿದು, ಒತ್ತಕ್ಷರಕ್ಕೆ ಸ್ವಲ್ಪ ತಿಣುಕಿ, “ಶ್ರೀ ಕ್ಲೈಡ್ ಅವರಿಗೆ” ಎಂದು ಮುಗಿಸಿದಳು. ನಾನು ಭೇಷ್ ಎಂದೆ. ಇವರು ಯಾರು ಎಂದು ಕೇಳಿದಳು. ಬಸ್ ಡ್ರೈವರ್ ಪುಟ್ಟ, ನಲವತ್ತು ವರ್ಷದಿಂದ ಅವರೇ ಎಂದು ಅಧಿಕಾರವಾಣಿಯಲ್ಲಿ ಹೇಳಿದೆ. ತಾರಾ ಪತ್ರವನ್ನು ಕೆಳಗಿಟ್ಟು, ಕ್ಯಾಮೆರಾದ ಹತ್ತಿರ ಮುಖ ತಂದು, ನನ್ನನ್ನೇ ದಿಟ್ಟಿಸಿ ಕೇಳಿದಳು:

“ಆರ್ ಯು ಶ್ಯೂರ್, ತಾತ?”

ನಾಲ್ಕು ವರ್ಷದ ಅಧ್ಯಕ್ಷಗಿರಿಯಲ್ಲಿ ಯಾರೂ ನನ್ನನ್ನು ಕೇಳದಿದ್ದ ಪ್ರಶ್ನೆ ಅದೊಂದೇ. ನಾನು ಕನ್ನಡಕ ಹಾಕಿಕೊಂಡು ಎದ್ದು, ಶೆಲ್ಫಿನ ಮೇಲಿದ್ದ ಫೋಟೊದಲ್ಲಿ ಸ್ಟಿಯರಿಂಗ್ ಮುಂದೆ ಕೂತವರನ್ನು ಇನ್ನೊಂದು ಸಲ ನೋಡಿ ಬಂದು ಉತ್ತರ ಹೇಳಿದೆ.